ಕಾಗದವಿಲ್ಲದವರಿಗೂ ಅದೇ ತಕ್ಕಡಿ

ಕುರ್‌ಆನಿನ 83ನೆಯ ಸೂರಃ ಅಲ್‌ಮುತಫ್ಫಿಫೀನ್. ತಮಗೆ ಬರಬೇಕಾದುದನ್ನು ಪೂರ್ತಿ ಅಳೆಸಿಕೊಂಡು, ಇತರರಿಗೆ ಕೊಡುವಾಗ ಮಾತ್ರ ಕೈ ಬಿಗಿ ಹಿಡಿಯುವವರಿಗೆ ಅಲ್ಲಿ ಅಲ್ಲಾಹನ ಕಠಿಣ ಎಚ್ಚರಿಕೆ ಇದೆ. ಈ ಮಾತನ್ನು ನಮ್ಮ ಕಡೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿರೇಕೆರೂರಿನ ಗೋವಿನಜೋಳವಾಗಲಿ, ಬ್ಯಾಡಗಿಗೆ ಹೋಗುವ ಮೆಣಸಿನಕಾಯಿಯಾಗಲಿ, ಸವಣೂರಿನ ವೀಳ್ಯದೆಲೆಯ ಕಟ್ಟಾಗಲಿ, ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಆದರೆ ಎಂಥ ಜಗಳ ಏಳುತ್ತದೆ ಎಂದು ಎಲ್ಲರೂ ನೋಡಿದ್ದೇವೆ. ತಫ್ಸೀರ್ ಬರೆದ ಉಲಮಾಗಳಲ್ಲಿ ಹಲವರು ಈ ಎಚ್ಚರಿಕೆಯನ್ನು ಕಾಳಿಗಷ್ಟೇ ಸೀಮಿತ ಮಾಡಿಲ್ಲ. ಹಕ್ಕಿನಲ್ಲಿ, ಕೂಲಿಯಲ್ಲಿ, ತೀರ್ಪಿನಲ್ಲಿ ಎರಡು ಅಳತೆ ಇಟ್ಟುಕೊಳ್ಳುವವನಿಗೂ ಇದು ಅನ್ವಯಿಸುತ್ತದೆ ಎಂದಿದ್ದಾರೆ.

ಈ ಸೂರಃವನ್ನು ಜುಮಾ ಖುತ್ಬಾದಲ್ಲಿ ಎತ್ತಿಕೊಳ್ಳಲು ಒಂದು ಕಾರಣವಿತ್ತು. ಕಾಗದಪತ್ರವಿಲ್ಲದೆ ಪರದೇಶದಲ್ಲಿ ಇರುವವರಿಗೆ ಆ ದೇಶದ ಸರ್ಕಾರ ಕಾನೂನಿನ ಮಾನ್ಯತೆ ಕೊಡಬೇಕೇ, ಬೇಡವೇ ಎಂಬ ಚರ್ಚೆ ಅಮೆರಿಕದಲ್ಲಿದೆ, ಯುರೋಪಿನಲ್ಲಿದೆ, ಗಲ್ಫಿನಲ್ಲಿದೆ, ನಮ್ಮ ದೇಶದಲ್ಲೂ ಇದೆ. ದಮ್ಮಾಮಿನಲ್ಲಿ ಇಕಾಮಾ ಮುಗಿದು ಸಿಕ್ಕಿಹಾಕಿಕೊಂಡ ಮಗನ ವಿಷಯ ಬಂದಾಗ ‘ಪಾಪ, ಅವನದೇನು ತಪ್ಪು, ಮಾಫಿ ಕೊಡಬೇಕು’ ಎನ್ನುತ್ತೇವೆ. ಬೆಂಗಳೂರಿನಲ್ಲಿ ಚಿಂದಿ ಆಯುವ, ಬಂಗಾಳಿ ಮಾತಾಡುವ ಕೂಲಿಯ ವಿಷಯ ಬಂದರೆ ನಮ್ಮಲ್ಲೇ ಕೆಲವರು ‘ಎಲ್ಲಿಂದ ಬಂದರೋ, ಹೊರಗೆ ಹಾಕಲಿ’ ಎಂದುಬಿಡುತ್ತಾರೆ. ಎರಡೂ ಮಾತು ಒಂದೇ ಬಾಯಿಂದ ಬರುವುದನ್ನು ಕೇಳಿದ್ದೇವೆ. ಹಾಗಾಗಿ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ನಮ್ಮ ಮಕ್ಕಳ ಕಡೆಯಿಂದ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಮೊಹಲ್ಲಾಗಳಿಂದ ಡ್ರೈವರ್, ಗೌಂಡಿ, ಪೇಂಟರ್, ಟೇಲರ್ ಎಂದು ಹುಡುಗರು ಗಲ್ಫಿಗೆ ಹೋಗುತ್ತಾರೆ. ಹೋಗುವಾಗ ಪಾಸ್‌ಪೋರ್ಟು, ವೀಸಾ ಎರಡೂ ಸರಿಯಾಗಿಯೇ ಇರುತ್ತವೆ. ಕಾಗದವಿಲ್ಲದವನಾಗಿ ಯಾರೂ ವಿಮಾನ ಹತ್ತುವುದಿಲ್ಲ. ಅಲ್ಲಿಗೆ ಹೋದ ಮೇಲೆ ಆಗುತ್ತಾರೆ. ಹೇಗೆ ಆಗುತ್ತಾರೆ ಎಂಬುದು ಮನೆಯವರಿಗೆ ಗೊತ್ತಿರಬೇಕು.

ಸೌದಿಯಲ್ಲಿ ವಾಸದ ಪರವಾನಗಿಗೆ ಇಕಾಮಾ ಎನ್ನುತ್ತಾರೆ. ಅದನ್ನು ಮಾಡಿಸಿ, ಅವಧಿ ಮುಗಿಯುವ ಮೊದಲು ನವೀಕರಿಸಿ, ಶುಲ್ಕ ಕಟ್ಟುವ ಜವಾಬ್ದಾರಿ ಕೆಲಸಗಾರನದಲ್ಲ, ಅವನನ್ನು ಕರೆಸಿಕೊಂಡ ಕಫೀಲನದು. 2018ರಿಂದ ವಿದೇಶಿ ಕೆಲಸಗಾರರ ಮೇಲಿನ ಶುಲ್ಕ ಏರುತ್ತಾ ಹೋಯಿತು. ಸೌದಿಗಳಿಗಿಂತ ವಿದೇಶಿಯರು ಹೆಚ್ಚಿರುವ ಕಂಪನಿಗಳಿಗೆ ಅದು ಆ ವರ್ಷ ತಲೆಗೆ ತಿಂಗಳಿಗೆ 400 ರಿಯಾಲ್ ಇದ್ದದ್ದು 2020ರಲ್ಲಿ 800 ಆಯಿತು. ಅಂದರೆ ಒಬ್ಬ ಕೆಲಸಗಾರನಿಗೆ ವರ್ಷಕ್ಕೆ 9,600 ರಿಯಾಲ್. ವ್ಯಾಪಾರ ಕುಸಿದ ಸಣ್ಣ ಕಫೀಲ ಕಟ್ಟುವುದನ್ನು ನಿಲ್ಲಿಸಿದರೆ, ಮರುದಿನ ಹುಡುಗನ ಇಕಾಮಾ ಸತ್ತಿರುತ್ತದೆ. ಅವನು ಬೆಳಿಗ್ಗೆ ಎದ್ದು ಅದೇ ಕೆಲಸಕ್ಕೆ ಹೋಗಿರುತ್ತಾನೆ, ಅದೇ ಕೋಣೆಯಲ್ಲಿ ಮಲಗಿರುತ್ತಾನೆ. ಆದರೆ ಕಾನೂನಿನ ಕಣ್ಣಲ್ಲಿ ಅಪರಾಧಿಯಾಗಿರುತ್ತಾನೆ. ಇನ್ನೊಂದು ‘ಹುರೂಬ್’. ಕೆಲಸಗಾರ ಓಡಿಹೋಗಿದ್ದಾನೆ ಎಂದು ಕಫೀಲ ದೂರು ದಾಖಲಿಸಿದರೆ ಅವನ ಮೇಲೆ ಆ ಮುದ್ರೆ ಬೀಳುತ್ತದೆ. ಸಂಬಳ ಕೇಳಿದ್ದಕ್ಕೇ ಹುರೂಬ್ ಹಾಕಿಸಿಕೊಂಡವರಿದ್ದಾರೆ. ಅದು ಬಿದ್ದ ಮೇಲೆ ಬೇರೆ ಕಡೆ ದುಡಿಯುವಂತಿಲ್ಲ, ಊರಿಗೆ ಹೊರಡಲೂ ಸುಲಭವಿಲ್ಲ.

ಸೌದಿ ಸರ್ಕಾರ ಮಾರ್ಚ್ 14, 2021ರಿಂದ ಈ ವ್ಯವಸ್ಥೆಯನ್ನು ಸಡಿಲಿಸಿತು. ಕಫೀಲನ ಒಪ್ಪಿಗೆ ಇಲ್ಲದೆಯೇ, ನಿಯಮಗಳಿಗೆ ಒಳಪಟ್ಟು, ಕೆಲಸ ಬದಲಿಸಬಹುದು, ದೇಶ ಬಿಟ್ಟು ಬರಬಹುದು. ಖತರ್ 2020ರಲ್ಲೇ ಈ ದಾರಿಗೆ ಬಂದಿತ್ತು. ಒಳ್ಳೆಯದಾಯಿತು. ಆದರೆ ಸೌದಿಯ ಆ ಸುಧಾರಣೆಯಲ್ಲಿ ಮನೆಗೆಲಸದವರು, ಮನೆಯ ಡ್ರೈವರುಗಳು, ಕುರಿ ಕಾಯುವವರು, ತೋಟದ ಮಾಲಿಗಳು ಸೇರಿರಲಿಲ್ಲ. ನಮ್ಮ ತಾಲ್ಲೂಕುಗಳಿಂದ ‘ಹೌಸ್ ಡ್ರೈವರ್’ ವೀಸಾದಲ್ಲಿ ಮಕ್ಕಳನ್ನು ಕಳಿಸಿದ ಮನೆಗಳು ಎಷ್ಟಿವೆ, ಎಣಿಸಿಕೊಳ್ಳಿ.

ಹಾಗೆಂದು ತಪ್ಪೆಲ್ಲ ಕಫೀಲನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ‘ಆಜಾದ್ ವೀಸಾ’ ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಅಂಥ ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ. ಯಾರದೋ ಹೆಸರಿನಲ್ಲಿ ವೀಸಾ ಖರೀದಿಸಿ, ಬೇರೆಲ್ಲೋ ದುಡಿಯುವುದಕ್ಕೆ ಏಜೆಂಟರು ಇಟ್ಟ ಹೆಸರದು. ಹಾಗೆ ಹೋದವನು ಮೊದಲ ದಿನದಿಂದಲೇ ನಿಯಮ ಮುರಿದವನು. ಉಮ್ರಾ ವೀಸಾದಲ್ಲೋ ವಿಸಿಟ್ ವೀಸಾದಲ್ಲೋ ಹೋಗಿ ಅಲ್ಲೇ ಉಳಿದು ದುಡಿಯುವುದೂ ಹಾಗೆಯೇ.

ಇಲ್ಲಿ ಶರೀಅತ್ ಏನು ಹೇಳುತ್ತದೆ ಎಂದು ಹಲವು ಯುವಕರು ಕೇಳಿದ್ದಾರೆ. ಫಿಕ್ಹ್ ಗ್ರಂಥಗಳಲ್ಲಿ ‘ಅಮಾನ್’ ಎಂಬ ಅಧ್ಯಾಯವಿದೆ. ಅಮಾನ್ ಎಂದರೆ ಪರನಾಡಿಗೆ ಹೋಗುವವನಿಗೆ ಆ ನಾಡು ಕೊಡುವ ಅಭಯ. ಅಭಯ ಪಡೆದು ಒಳಗೆ ಹೋದವನು ಅಲ್ಲಿಯ ಜನರ ಜೀವಕ್ಕೆ, ಸೊತ್ತಿಗೆ, ಷರತ್ತಿಗೆ ದ್ರೋಹ ಬಗೆಯಬಾರದು. ಆ ನಾಡಿನವರು ಮುಸ್ಲಿಮರಾಗಿರಲಿ, ಆಗದಿರಲಿ. ನಮ್ಮ ಹನಫಿ ಫುಕಹಾಗಳು ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಇಂದಿನ ಉಲಮಾಗಳು ವೀಸಾವನ್ನು ಅಂಥದೇ ಅಮಾನ್ ಎಂದು ಪರಿಗಣಿಸುತ್ತಾರೆ. ಕರಾರುಗಳನ್ನು ಪಾಲಿಸಬೇಕು ಎಂಬ ಆಜ್ಞೆ ಸೂರಃ ಅಲ್‌ಮಾಇದಾದ ಮೊದಲ ಆಯತ್‌ನಲ್ಲೇ ಇದೆ. ಆದ್ದರಿಂದ ‘ಸೌದಿ ನಮ್ಮದೇ ಮುಲ್ಕ್, ಅಲ್ಲಿ ಹೇಗಿದ್ದರೂ ನಡೆಯುತ್ತದೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಆದರೆ ಕರಾರಿಗೆ ಎರಡು ಕಡೆ ಇರುತ್ತವೆ. ಹುಡುಗ ತನ್ನ ಪಾಲಿನದನ್ನು ನಡೆಸಿ, ಕಫೀಲ ಮುರಿದರೆ ಶಿಕ್ಷೆ ಹುಡುಗನಿಗೆ ಏಕೆ? ಇಡೀ ಚರ್ಚೆಯ ಗಂಟು ಇಲ್ಲಿದೆ. ಮೋಸ ಮಾಡಿ ನುಸುಳಿದವನನ್ನೂ, ಬೇರೆಯವರ ಕೈತಪ್ಪಿನಿಂದ ಕಾಗದ ಕಳೆದುಕೊಂಡವನನ್ನೂ, ಜೀವ ಉಳಿಸಿಕೊಳ್ಳಲು ಗಡಿ ದಾಟಿದವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ‘ಅಕ್ರಮ’ ಎಂದು ಕರೆಯುವುದು ಸುಲಭ. ಬಿಡಿಸಿ ವಿಚಾರಿಸುವುದು ಕಷ್ಟ. ನ್ಯಾಯ ಕೇಳುವುದು ಆ ಕಷ್ಟವನ್ನೇ.

ಗಲ್ಫ್ ಸರ್ಕಾರಗಳು ಆಗಾಗ ಮಾಫಿ ಘೋಷಿಸುತ್ತವೆ. ಆದರೆ ಒಂದೊಂದು ಮಾಫಿ ಒಂದೊಂದು ಥರ. 2013ರಲ್ಲಿ ಸೌದಿಯಲ್ಲಿ ನಿತಾಕತ್ ಜಾರಿಯಾದಾಗ ಮೊದಲು ಜುಲೈವರೆಗೆ, ಮತ್ತೆ ನವೆಂಬರ್ 3ರವರೆಗೆ ಕಾಲಾವಕಾಶ ಕೊಟ್ಟರು. ಆಗ ಕಫೀಲನನ್ನು ಬದಲಿಸಿಕೊಂಡು, ಹುದ್ದೆಯ ಹೆಸರು ಸರಿಪಡಿಸಿಕೊಂಡು ಅಲ್ಲೇ ಉಳಿಯುವ ದಾರಿಯೂ ಇತ್ತು. ಲಕ್ಷಕ್ಕೂ ಹೆಚ್ಚು ಭಾರತೀಯರು ಊರಿಗೆ ಮರಳಿದರು, ಬಹಳಷ್ಟು ಮಂದಿ ಕಾಗದ ಸರಿಮಾಡಿಕೊಂಡು ಉಳಿದರು. ಮಾರ್ಚ್ 29, 2017ರಂದು ಶುರುವಾದ 90 ದಿನಗಳ ಮಾಫಿ, ಮುಂದೆ ವಿಸ್ತರಣೆಯೂ ಆಯಿತು, ಮುಖ್ಯವಾಗಿ ಹೊರಟುಹೋಗುವವರಿಗಾಗಿತ್ತು. ದಂಡವಿಲ್ಲ, ಮತ್ತೆ ಬರಲು ಅಡ್ಡಿಯಿಲ್ಲ, ಆದರೆ ಹೋಗಬೇಕು. ಯುಎಇ 2018ರಲ್ಲಿ ಮಾಫಿ ಕೊಟ್ಟಾಗ ಕೆಲಸ ಹುಡುಕಲು ಆರು ತಿಂಗಳ ವೀಸಾವನ್ನೂ ಕೊಟ್ಟಿತು. ಮತ್ತೆ ಸೆಪ್ಟೆಂಬರ್ 1, 2024ರಿಂದ ಡಿಸೆಂಬರ್ 31ರವರೆಗೆ ಬಾಗಿಲು ತೆರೆಯಿತು. ಹೊಸ ಕೆಲಸ ಸಿಕ್ಕವನು ಉಳಿಯಬಹುದು, ಸಿಗದವನು ದಂಡವಿಲ್ಲದೆ ಹೊರಡಬಹುದು. ಅಲ್ಲಿ ಅವಧಿ ಮೀರಿ ಉಳಿದವರಿಗೆ ದಿನಕ್ಕೆ 50 ದಿರ್ಹಮ್ ದಂಡ. ವರ್ಷಕ್ಕೆ ಲೆಕ್ಕ ಹಾಕಿ: 18,250 ದಿರ್ಹಮ್, ನಮ್ಮ ನಾಲ್ಕು ಲಕ್ಷ ರೂಪಾಯಿಯ ಆಸುಪಾಸು. ಮಾಫಿ ಇಲ್ಲದೆ ಕೂಲಿಯವನೊಬ್ಬ ಅದನ್ನು ಕಟ್ಟಿ ಬರುವ ಮಾತೇ ಇಲ್ಲ. ಕುವೈತ್ ಕೂಡ ಮಾರ್ಚ್ 17, 2024ರಿಂದ ಜೂನ್ ಕೊನೆಯವರೆಗೆ ಅವಕಾಶ ಕೊಟ್ಟಿತು: ದಂಡ ಕಟ್ಟಿ ಉಳಿ, ಇಲ್ಲವೇ ದಂಡವಿಲ್ಲದೆ ಹೋಗು ಎಂದು.

ಈ ಮಾಫಿಗಳು ಐದಾರು ವರ್ಷಕ್ಕೊಮ್ಮೆ ಮರಳಿ ಏಕೆ ಬರುತ್ತವೆ? ಕಾಗದ ತಪ್ಪುವ ಕಾರಣ ಹಾಗೆಯೇ ಉಳಿದಿರುವುದರಿಂದ. ಮಾಫಿ ತುಂಬಿದ ಬಾವಿಯಿಂದ ನೀರು ಹೊರಚೆಲ್ಲುತ್ತದೆ, ಸೆಲೆ ಹಾಗೇ ಇರುತ್ತದೆ. ಕೆಲಸಗಾರನ ಕಾಗದ ಅವನ ಕೈಯಲ್ಲೇ ಇದ್ದು, ಕೆಲಸ ಬಿಟ್ಟರೂ ಇಂತಿಷ್ಟು ತಿಂಗಳು ನಿಂತು ಬೇರೆ ಕೆಲಸ ಹುಡುಕುವ ಹಕ್ಕು ಎಲ್ಲರಿಗೂ, ಮನೆಯ ಡ್ರೈವರನಿಗೂ ಇದ್ದರೆ ಮಾಫಿಯ ಅಗತ್ಯವೇ ಬಹಳ ಕಡಿಮೆಯಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ವಿರೋಧಿಸುವವರ ವಾದವನ್ನೂ ಕೇಳಬೇಕು. ಕಾನೂನಿನಂತೆ ಸಾಲಿನಲ್ಲಿ ನಿಂತವನಿಗೆ ಇದು ಅನ್ಯಾಯವಲ್ಲವೇ, ಒಮ್ಮೆ ಮಾಫಿ ಕೊಟ್ಟರೆ ಇನ್ನಷ್ಟು ಜನ ಅದೇ ದಾರಿ ಹಿಡಿಯುವುದಿಲ್ಲವೇ ಎನ್ನುತ್ತಾರೆ. ಹುರುಳಿಲ್ಲದ ಮಾತಲ್ಲ. ಅಮೆರಿಕ 1986ರ ಕಾಯ್ದೆಯಿಂದ ಸುಮಾರು 27 ಲಕ್ಷ ಜನರಿಗೆ ಕಾಯಂ ಮಾನ್ಯತೆ ಕೊಟ್ಟಿತು. ಕಾಗದವಿಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ ಶಿಕ್ಷೆ ಎಂದೂ ಆ ಕಾಯ್ದೆಯಲ್ಲಿತ್ತು. ಮೊದಲನೆಯದು ನಡೆಯಿತು, ಎರಡನೆಯದು ಹೆಸರಿಗಷ್ಟೇ ಉಳಿಯಿತು. ಇಪ್ಪತ್ತು ವರ್ಷದಲ್ಲಿ ಕಾಗದವಿಲ್ಲದವರ ಸಂಖ್ಯೆ ಒಂದು ಕೋಟಿ ದಾಟಿತು. ಸ್ಪೇನ್ 2005ರಲ್ಲಿ ಬೇರೆ ರೀತಿ ಮಾಡಿತು. ಕೆಲಸದ ಕರಾರು ತೋರಿಸಿದವರಿಗೆ ಪರವಾನಗಿ ಕೊಟ್ಟಿತು, ಐದೂವರೆ ಲಕ್ಷಕ್ಕೂ ಹೆಚ್ಚು ಮಂದಿ ತೆರಿಗೆ ಕಟ್ಟುವ ಲೆಕ್ಕಕ್ಕೆ ಬಂದರು. ಸಾಲು ಮುರಿದದ್ದಕ್ಕೆ ದಂಡ ಹಾಕಲಿ, ಕಾಯಿಸಲಿ, ಅಪರಾಧ ಹಿನ್ನೆಲೆ ನೋಡಲಿ. ದುಡಿದು ಬದುಕಿದವನಿಗೆ ಕೊನೆಗೊಂದು ಬಾಗಿಲು ಇರಲಿ ಎಂಬಷ್ಟೇ ಬೇಡಿಕೆ. ಫೆಬ್ರವರಿ 5, 2025ರಂದು ಅಮೆರಿಕದ ಸೇನಾ ವಿಮಾನದಲ್ಲಿ 104 ಭಾರತೀಯರನ್ನು ಕೈಕಾಲಿಗೆ ಬೇಡಿ ಹಾಕಿ ಅಮೃತಸರಕ್ಕೆ ತಂದು ಇಳಿಸಿದಾಗ ಇಡೀ ದೇಶಕ್ಕೆ ನೋವಾಯಿತಲ್ಲ? ಅವರೂ ಕಾಗದವಿಲ್ಲದವರೇ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ನಮ್ಮ ದೇಶ ಕಾಗದವಿಲ್ಲದೆ ಬಂದವರನ್ನು ಹೇಗೆ ನಡೆಸಿಕೊಂಡಿದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಹಾನಗಲ್, ಶಿಗ್ಗಾಂವಿ ದಾಟಿದರೆ ಮುಂಡಗೋಡ. ಟಿಬೆಟಿನಿಂದ ಜೀವ ಹಿಡಿದುಕೊಂಡು ಬಂದವರಿಗೆ 1966ರಲ್ಲಿ ಅಲ್ಲಿ ನೆಲೆ ಕೊಟ್ಟರು. ಬರುವಾಗ ಅವರ ಕೈಯಲ್ಲಿ ವೀಸಾ ಇರಲಿಲ್ಲ. ಸರ್ಕಾರವೇ ನೋಂದಣಿ ಪತ್ರ ಮಾಡಿಕೊಟ್ಟಿತು, ಉಳಲು ಜಮೀನು ಕೊಟ್ಟಿತು. ಚಳಿಗಾಲದಲ್ಲಿ ನಮ್ಮ ಕಡೆಯ ಊರುಗಳಿಗೆ ಸ್ವೆಟರ್ ಮಾರಲು ಬರುವವರು ಅವರೇ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಇದರಿಂದ ಮುಂಡಗೋಡದ ಯಾರ ಗದ್ದೆಯೂ ಮುಳುಗಲಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು ಬಳಿ ಪುನರ್ವಸತಿ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳು ಅಲ್ಲಿ ನೆಲೆಸಿವೆ. ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಮಾರ್ಚ್ 11, 2024ರಂದು ಪ್ರಕಟವಾದ ಮೇಲೆ, ಅದೇ ವರ್ಷ ಅಲ್ಲಿಯ ಕೆಲವರಿಗೆ ಪೌರತ್ವ ಸಿಕ್ಕಿತು. ಅವರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ, ಸಂತೋಷವಿದೆ. ವರ್ಷಗಟ್ಟಲೆ ಕಾಗದಕ್ಕಾಗಿ ಅಲೆದವನ ಕಷ್ಟ ನಮಗೆ ಗೊತ್ತು. ನಮ್ಮ ತಕರಾರು ಅಳತೆಯ ಬಗ್ಗೆ. ಮೂರು ದೇಶಗಳಿಂದ 2014ರ ಡಿಸೆಂಬರ್ 31ರ ಒಳಗೆ ಬಂದ ಆರು ಧರ್ಮಗಳವರಿಗೆ ಬಾಗಿಲು ತೆರೆದು, ಅದೇ ದಿನ ಅದೇ ಗಡಿ ದಾಟಿದ ಮುಸ್ಲಿಮನಿಗೆ ಮಾತ್ರ ಮುಚ್ಚುವುದು ಯಾವ ತೂಕ? ನಮ್ಮ ಗಣರಾಜ್ಯಕ್ಕೆ ಬೇರೆ ದಾರಿ ಗೊತ್ತಿಲ್ಲವೆಂದಲ್ಲ. 1985ರ ಅಸ್ಸಾಂ ಒಪ್ಪಂದದ ನಂತರ ಪೌರತ್ವ ಕಾಯ್ದೆಗೆ ಸೇರಿಸಿದ 6ಎ ಕಲಮು ಧರ್ಮ ಕೇಳಲಿಲ್ಲ, ಬಂದ ದಿನಾಂಕ ಕೇಳಿತು. 1966ಕ್ಕಿಂತ ಮೊದಲು ಬಂದವರು ಪ್ರಜೆಗಳು. ಆಮೇಲೆ ಮಾರ್ಚ್ 25, 1971ಕ್ಕಿಂತ ಮೊದಲು ಬಂದವರು ನೋಂದಣಿ ಮಾಡಿಸಿ, ಹತ್ತು ವರ್ಷ ಮತದಾನವಿಲ್ಲದೆ ಕಾದು ಪೂರ್ಣ ಹಕ್ಕು ಪಡೆಯಬೇಕು. ಸುಪ್ರೀಂ ಕೋರ್ಟ್ ಅಕ್ಟೋಬರ್ 17, 2024ರಂದು ನಾಲ್ಕು-ಒಂದರ ಬಹುಮತದಿಂದ ಅದನ್ನು ಎತ್ತಿಹಿಡಿದಿದೆ.

ವಿಚಾರಣೆ ಇಲ್ಲದೆ ಹೊರಗೆ ಹಾಕಹೊರಟರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರವನ್ನು ನೆನೆಯಬೇಕು. ಜನವರಿ 2020ರಲ್ಲಿ ‘ಬಾಂಗ್ಲಾದೇಶಿಗಳು’ ಎಂದು ಹೇಳಿ ಅಲ್ಲಿಯ ಕೂಲಿಗಳ ಶೆಡ್ಡುಗಳನ್ನು ಕೆಡವಿದರು. ಆಮೇಲೆ ನೋಡಿದರೆ ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದಿಂದ ದುಡಿಯಲು ಹೋದವರೂ ಇದ್ದರು. ಹೈಕೋರ್ಟ್ ಮಧ್ಯೆ ಬರಬೇಕಾಯಿತು. 2025ರಲ್ಲಿ ದೆಹಲಿಯಿಂದ ಹಿಡಿದು ಬಾಂಗ್ಲಾದೇಶಕ್ಕೆ ದಬ್ಬಿದ ಪಶ್ಚಿಮ ಬಂಗಾಳದ ಕೂಲಿ ಕುಟುಂಬಗಳನ್ನು ವಾಪಸು ಕರೆತನ್ನಿ ಎಂದು ಕಲ್ಕತ್ತಾ ಹೈಕೋರ್ಟ್ ಆದೇಶಿಸಬೇಕಾಯಿತು. ನಮ್ಮ ದೇಶದ ಕಾನೂನಿನಲ್ಲಿ ತಾನು ವಿದೇಶಿಯಲ್ಲ ಎಂದು ರುಜುವಾತು ಮಾಡುವ ಹೊರೆ ಆ ವ್ಯಕ್ತಿಯ ಮೇಲೆಯೇ ಇದೆ. ಸೆಪ್ಟೆಂಬರ್ 1, 2025ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಅದು ಹಾಗೆಯೇ ಉಳಿದಿದೆ. ಕಾಗದವಿಲ್ಲದವನನ್ನು ಕೇಳದೆ ತಳ್ಳಬಹುದು ಎಂದು ಒಪ್ಪಿಕೊಂಡರೆ, ಕಾಗದ ಮನೆಯಲ್ಲಿ ಬಿಟ್ಟು ಬಂದ ಸ್ವದೇಶಿ ಕೂಲಿಯೂ ಅದೇ ಲಾರಿ ಹತ್ತುತ್ತಾನೆ.

ಇಸ್ಲಾಮಿನ ಇತಿಹಾಸದಲ್ಲಿ ಮೊದಲು ಪರದೇಶದ ಆಶ್ರಯ ಬೇಡಿದವರು ನಾವೇ. ಮಕ್ಕಾದ ಹಿಂಸೆ ತಾಳಲಾರದೆ ಪ್ರವಾದಿಯವರ (ಸ) ಅನುಮತಿ ಪಡೆದು ಸಹಾಬಿಗಳ ಒಂದು ಗುಂಪು ಹಬಶಾ ದೇಶಕ್ಕೆ, ಅಂದರೆ ಇಂದಿನ ಇಥಿಯೋಪಿಯಾದ ಕಡೆಗೆ ಹೋಯಿತು. ಅಲ್ಲಿಯ ರಾಜ ನಜ್ಜಾಶಿ ಕ್ರೈಸ್ತ. ಅವರನ್ನು ಹಿಡಿದು ಕೊಡಿ ಎಂದು ಕುರೈಷರು ಅಮ್ರ್ ಬಿನ್ ಆಸ್ ಮತ್ತು ಇನ್ನೊಬ್ಬರನ್ನು ಕಾಣಿಕೆಗಳೊಂದಿಗೆ ಕಳಿಸಿದರು. ಆಸ್ಥಾನದವರು ಕಾಣಿಕೆ ನೋಡಿ ಒಪ್ಪಿಬಿಟ್ಟಿದ್ದರು. ನಜ್ಜಾಶಿ ಒಪ್ಪಲಿಲ್ಲ. ಬಂದವರನ್ನು ಕರೆಸಿ, ಅವರ ಮಾತು ಕೇಳದೆ ಒಪ್ಪಿಸಲಾರೆ ಎಂದರು. ಜಅಫರ್ ಬಿನ್ ಅಬೀತಾಲಿಬ್ (ರ) ನಿಂತು ಮಾತಾಡಿದರು. ಕೇಳಿದ ಮೇಲೆ ರಾಜ ಅವರಿಗೆ ಅಭಯ ಕೊಟ್ಟು, ಕಾಣಿಕೆಗಳನ್ನು ವಾಪಸು ಕಳಿಸಿದರು. ಬಂದವರು ತನ್ನ ಧರ್ಮದವರೇ ಎಂದು ಆ ರಾಜ ತೂಗಿ ನೋಡಲಿಲ್ಲ. ನಮ್ಮ ಕಡೆಗೂ ಇದೇ ಪಾಠ: ಸೂರಃ ಅತ್ತೌಬಾದ 6ನೆಯ ಆಯತ್, ಆಶ್ರಯ ಬೇಡಿ ಬಂದ ಬಹುದೇವಾರಾಧಕನಿಗೂ ರಕ್ಷಣೆ ಕೊಟ್ಟು, ಅವನ ಸುರಕ್ಷಿತ ಜಾಗಕ್ಕೆ ಮುಟ್ಟಿಸಬೇಕೆಂದು ಹೇಳುತ್ತದೆ. (ನೆನಪಿರಲಿ, ನಮ್ಮ ಸವಣೂರಿನ ನವಾಬರ ಮನೆತನವೂ ಹೊರಗಿನಿಂದ ಬಿಜಾಪುರದ ಸೇವೆಗೆ ಬಂದ ಪಠಾಣರದೇ. ಮೂರು ತಲೆಮಾರು ಕಳೆದರೆ ಬಂದವರು ಯಾರು, ಇದ್ದವರು ಯಾರು ಎಂದು ಊರೇ ಮರೆತಿರುತ್ತದೆ.)

ಮನೆಯವರು ಮಾಡಬೇಕಾದ ಕೆಲವು ಕೆಲಸಗಳಿವೆ. ಹತ್ತನೆಯ ತರಗತಿ ಪಾಸಾಗದ ಹುಡುಗನ ಪಾಸ್‌ಪೋರ್ಟು ಇಸಿಆರ್ ಆಗಿರುತ್ತದೆ. ಗಲ್ಫ್ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವನಿಗೆ ಎಮಿಗ್ರೇಷನ್ ಅನುಮತಿ ಬೇಕು. ಅದು ತೊಂದರೆ ಎಂದು ತಪ್ಪಿಸಿಕೊಂಡು ವಿಸಿಟ್ ವೀಸಾದಲ್ಲಿ ಕಳಿಸುವ ಏಜೆಂಟನನ್ನು ನಂಬಬೇಡಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದು ಬನ್ನಿ. ಏಜೆಂಟನ ನೋಂದಣಿ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ಅಲ್ಲಿಂದ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆಯೂ ಇರುತ್ತದೆ. ಹೋದ ಮೇಲೆ ಇಕಾಮಾದ ಎರಡೂ ಬದಿಯ ಫೋಟೊ ಊರಿಗೆ ಕಳಿಸಲಿ, ಮುಗಿಯುವ ದಿನಾಂಕವನ್ನು ಅಮ್ಮಿಯೋ ಹೆಂಡತಿಯೋ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಲಿ. ಅವಧಿ ತಪ್ಪಿದರೆ ಅಡಗಿ ಕೂರುವುದು ಬೇಡ; ರಾಯಭಾರ ಕಚೇರಿಗೆ ಹೋಗಲಿ, ವಿದೇಶಾಂಗ ಇಲಾಖೆಯ ‘ಮದದ್’ ತಾಣದಲ್ಲಿ ದೂರು ಹಾಕಲಿ. ಕಷ್ಟದಲ್ಲಿರುವವರ ಟಿಕೆಟಿಗೆ, ಸಣ್ಣ ದಂಡಕ್ಕೆ, ವಕೀಲರಿಗೆ ನೆರವಾಗಲು ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕೇಳುವವರಿಲ್ಲದೆ ಅದು ಎಷ್ಟೋ ಮನೆಗಳಿಗೆ ತಲುಪಿಲ್ಲ.

ಇನ್ನೊಂದು ಮಾತು ನಮ್ಮ ಜಮಾಅತ್‌ನ ಗುತ್ತಿಗೆದಾರರಿಗೆ. ಕಟ್ಟಡದ ಕೆಲಸಕ್ಕೆ, ಇಟ್ಟಿಗೆ ಭಟ್ಟಿಗೆ ಅಸ್ಸಾಂ, ಬಂಗಾಳ, ಬಿಹಾರದ ಕೂಲಿಗಳನ್ನು ಕರೆಸುತ್ತೀರಿ. ಅವರ ಗುರುತಿನ ಚೀಟಿ ಕೇಳಿ ಪಡೆದಿಡಿ, ಅದು ನಿಮಗೂ ಅವರಿಗೂ ಒಳ್ಳೆಯದು. ಆದರೆ ಯಾರ ಬಳಿಯಾದರೂ ಕಾಗದ ಪೂರ್ತಿ ಇಲ್ಲವೆಂದು ಗೊತ್ತಾದ ಮೇಲೆ ‘ಪೊಲೀಸರಿಗೆ ಹೇಳುತ್ತೇನೆ’ ಎಂದು ಹೆದರಿಸಿ ಕೂಲಿ ಹಿಡಿದಿಟ್ಟುಕೊಳ್ಳುವುದು ಹರಾಮ್. ಮೈಯ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಪ್ರವಾದಿಯವರು (ಸ) ಹೇಳಿದಾಗ, ಕಾಗದವಿದ್ದವನಿಗೆ ಮಾತ್ರ ಎಂದು ಹೇಳಲಿಲ್ಲ. ಕೂಲಿ ಕೊಡದ ಕಫೀಲನಿಗೆ ದಮ್ಮಾಮಿನಲ್ಲಿ ನಮ್ಮ ಹುಡುಗ ಶಾಪ ಹಾಕುವಂತೆಯೇ ಇಲ್ಲಿಯ ಆ ಹುಡುಗನೂ ಹಾಕುತ್ತಾನೆ. ಹಾಗೆ ಬಾಕಿ ಉಳಿಸಿಕೊಂಡವರು ಯಾರಾದರೂ ಇದ್ದರೆ, ಮುಂದಿನ ಜುಮಾದೊಳಗೆ ಲೆಕ್ಕ ಚುಕ್ತಾ ಮಾಡಿ ಮಸೀದಿಗೆ ಬನ್ನಿ.